ಮೂವತ್ತೊಂದನೆಯ ಖೋಲಿಯ ಫೈಲು

ಮೂವತ್ತೊಂದನೆಯ ಖೋಲಿಯ ಫೈಲನ್ನು ನಾನು ತೆರೆದು ನೋಡಲಿಲ್ಲ. ನೋಡಿದ್ದೇನೆ ಎಂದು ಹೇಳಿದೆ. ಮುಂದೆ ಬರೆಯುವುದೆಲ್ಲ ಈ ಎರಡು ಮಾತುಗಳಿಂದಲೇ ಹುಟ್ಟಿದ್ದು. ಬರೆದು ಹಗುರಾಗುತ್ತೇನೆ ಎಂಬ ಆಸೆ ನನಗಿಲ್ಲ. ಆದರೆ ಆ ಚಾಳಿನವರಲ್ಲಿ ಕೆಲವರ ವಿಳಾಸ ನನಗೆ ಇನ್ನೂ ಸಿಕ್ಕಿಲ್ಲ. ಅವರಲ್ಲಿ ಯಾರ ಕೈಗಾದರೂ ಇದು ತಲುಪಲಿ ಎಂದು ಬರೆಯುತ್ತಿದ್ದೇನೆ.

ಸಯನ್ ಸ್ಟೇಷನ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ನನ್ನ ಟೇಬಲ್ ಇತ್ತು. ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಸಂಘದ ವರದಿ, ಎಲ್ಲವನ್ನೂ ಕನ್ನಡದಲ್ಲೂ ಮರಾಠಿಯಲ್ಲೂ ಜೋಡಿಸಿ ಕೊಡುತ್ತಿದ್ದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಕೆಲಸ ಕಲಿತದ್ದು ಅಚ್ಚುಕೂಟದಲ್ಲಿ, ಸೀಸದ ಮೊಳೆಗಳ ಕಾಲದಲ್ಲಿ. ನಮ್ಮ ಕಡೆಯವರಲ್ಲಿ ನನಗೊಂದು ಹೆಸರಿತ್ತು: ಅಜ್ಜನ ಟೈಪಿಂಗಿನಲ್ಲಿ ತಪ್ಪು ಸಿಗುವುದಿಲ್ಲ. ಆ ಹೆಸರನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಎಷ್ಟು ಎಂಬುದು ಆಮೇಲೆ ಗೊತ್ತಾಯಿತು.

ಧಾರಾವಿಯ ಒಂದು ಚಾಳು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವ ಯೋಜನೆ ಬಂದಿತ್ತು. ಅಲ್ಲಿ ಎಂಬತ್ತೇಳು ಖೋಲಿಗಳು, ಒಂದೊಂದು ಕೋಣೆಯ ಮನೆಗಳು. ಬಹುಪಾಲು ಮಂದಿ ವಿಜಯಪುರ ಜಿಲ್ಲೆಯವರು. ಹೊಸ ಮನೆ ಯಾರಿಗೆ ಸಿಗುತ್ತದೆ ಎಂಬ ಕರಡು ಪಟ್ಟಿ ಹೊರಬಿದ್ದಾಗ ಹೆಚ್ಚಿನವರ ಹೆಸರಿನ ಮುಂದೆ ‘ದಾಖಲೆ ಅಪೂರ್ಣ’ ಎಂದಿತ್ತು. ಧಾರವಾಡದ ಕಡೆಯ ಒಬ್ಬ ವಕೀಲೆ ಮೇಡಂ ಆ ಕೆಲಸ ಕೈಗೆತ್ತಿಕೊಂಡರು. ಪ್ರತಿ ಕುಟುಂಬದ ಆಕ್ಷೇಪಣೆ ಅರ್ಜಿ, ಅದರ ಹಿಂದೆ ರೇಷನ್ ಕಾರ್ಡು, ಲೈಟ್ ಬಿಲ್ಲು, ಹಳೆಯ ಮತದಾರರ ಪಟ್ಟಿಯ ಪುಟ, ಇವೆಲ್ಲ ಸೇರಿಸಿ ಇಡೀ ಚಾಳಿನ ಪರವಾಗಿ ಒಂದೇ ದೊಡ್ಡ ಪುಸ್ತಕ ಮಾಡಿ ಸಲ್ಲಿಸುವುದು ಅವರ ವಿಚಾರ. “ಒಬ್ಬೊಬ್ಬರಾಗಿ ಹೋದ್ರ ಒಬ್ಬೊಬ್ಬರನ್ನ ಹೊರಗ ಹಾಕ್ತಾರ್ರಿ ಕಾಕಾ. ಒಂದ ಪುಸ್ತಕ ಆದ್ರ ಹಾಕೂದು ಕಷ್ಟ” ಎಂದಿದ್ದರು.

ಎರಡು ತಿಂಗಳು ಆ ಚಾಳಿನವರು ಒಬ್ಬರ ಹಿಂದೊಬ್ಬರು ನನ್ನ ಟೇಬಲ್ಲಿಗೆ ಬಂದರು. ಅವರು ಹೇಳುತ್ತಿದ್ದರು, ನಾನು ಮರಾಠಿಯಲ್ಲಿ ಜೋಡಿಸುತ್ತಿದ್ದೆ. ಖೋಲಿ ನಂಬರಿನ ಕ್ರಮದಲ್ಲೇ ಒಂದೇ ಕಡತ ಬೆಳೆಯುತ್ತ ಹೋಯಿತು. ಒಬ್ಬರ ಅರ್ಜಿ ನಾಲ್ಕು ಪುಟ, ಇನ್ನೊಬ್ಬರದು ಏಳು. ಕೊನೆಗೆ ನಾನೂರ ಅರವತ್ತೆರಡು ಪುಟವಾಯಿತು.

ಪ್ರತಿ ಅರ್ಜಿಯ ನೆತ್ತಿಯ ಮೇಲೆ ನಾನು ‘ಶ್ರೀ’ ಹಾಕುತ್ತಿದ್ದೆ. ಇದು ನನ್ನ ಗುರುಗಳು ಕಲಿಸಿದ ರೂಢಿ. ಮೊಳೆ ಜೋಡಿಸುವ ಕಾಲದಲ್ಲಿ ಹೊಸ ಕೆಲಸಕ್ಕೆ ಕೈಹಾಕುವಾಗ ಮೊದಲು ಶ್ರೀಯನ್ನು ಜೋಡಿಸಿ, ಆಮೇಲೆ ಉಳಿದದ್ದು. ನನ್ನ ಹಳೆಯ ಮರಾಠಿ ಫಾಂಟಿನಲ್ಲಿ ಬಳ್ಳಿಯ ಸುರುಳಿಯಂಥ ಒಂದು ಚೆಂದದ ಶ್ರೀ ಇತ್ತು. ಅದಕ್ಕೆ ಬೇರೆಯೇ ಒಂದು ಕೀಲಿ. ಮೊದಲ ಅರ್ಜಿ ನೋಡಿದಾಗ ಮೇಡಂ ನಕ್ಕರು.

“ಕಾಕಾ, ಇದೇನ್ ಅರ್ಜಿನೋ ಲಗ್ನಪತ್ರಿಕೇನೋ? ಕೆಳಗ ‘ಉಡುಗೊರೆ ಸ್ವೀಕರಿಸಲಾಗುವುದಿಲ್ಲ’ ಅಂತನೂ ಹಾಕಿಬಿಡ್ರಿ.”

“ಶ್ರೀ ಇಲ್ದ ನನ್ನ ಕೈ ಮುಂದ ಓಡೂದಿಲ್ರಿ ಮೇಡಂ.”

“ಓಡಲಿ ಬಿಡ್ರಿ. ನಿಮ್ಮ ಕೈ ಓಡಿದ್ರ ಸಾಕು” ಎಂದು ಬಿಟ್ಟುಬಿಟ್ಟರು.

ಮೂವತ್ತೊಂದನೆಯ ಖೋಲಿಯವರನ್ನು ಚಾಳಿನಲ್ಲಿ ಎಲ್ಲರೂ ಚಾಚಿ ಎನ್ನುತ್ತಿದ್ದರು. ಸಿಂದಗಿ ಕಡೆಯವರು. ಗಂಡ ಚರ್ಮದ ಚೀಲ ಹೊಲಿಯುತ್ತಿದ್ದರು, ತೀರಿಹೋಗಿ ಹತ್ತು ವರ್ಷಕ್ಕೂ ಮೇಲಾಗಿತ್ತು. ಇವರು ಅದೇ ಮಷೀನಿನ ಮೇಲೆ ಚೀಲಗಳ ಒಳಬಟ್ಟೆ ಹೊಲಿದು ಬದುಕುತ್ತಿದ್ದರು. ಆ ಚಾಳಿನಲ್ಲಿ ಮುಸಲ್ಮಾನರ ಮನೆ ಅದೊಂದೇ. ಚಾಚಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದರು. ಓದು ಬರುತ್ತಿರಲಿಲ್ಲ, ಆದರೂ ನೋಡುತ್ತಿದ್ದರು. ನಾನು ರೂಢಿಯಂತೆ ಶ್ರೀ ಹಾಕಿದವನು, ಏನೋ ಹೊಳೆದು ಕೈ ತಡೆದೆ.

“ಚಾಚಿ, ಇದು ನಿಮಗ ಬ್ಯಾಡಲ್ಲ? ತಗೀತೀನಿ ತಡೀರಿ. ಏಳ್ನೂರ ಎಂಬತ್ತಾರು ಹಾಕ್ಲೇನು?”

“ಇದ್ರ ಇರ್ಲಿ ಬಿಡ್ರಿ ಅಣ್ಣಾರ. ಅದೇನ್ ಕಡೀತದೇನು? ಎಲ್ಲಾರಿಗೂ ಹಾಕೀರಿ, ನನಗೂ ಇರ್ಲಿ.”

ಅವರು ಇರಲಿ ಎಂದರು. ನಾನೇ ಕೇಳಲಿಲ್ಲ. ಶ್ರೀ ತೆಗೆದು, ಬಿಸ್ಮಿಲ್ಲಾದ ಸಂಕೇತವಾದ 786 ಹಾಕಿದೆ. ಬೇರೆ ಧರ್ಮದವರ ಭಾವನೆ ಅರಿತು ನಡೆಯುವ ಮನುಷ್ಯ ನಾನು ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗನ್ನು ಇಲ್ಲಿ ಮುಚ್ಚಿಡಲಾರೆ.

ಅವರ ಪಕ್ಕದ ಮೂವತ್ತೆರಡನೆಯ ಖೋಲಿಯವನು ಪ್ಲಾಸ್ಟಿಕ್ ಸಾಮಾನಿನ ಸಣ್ಣ ವ್ಯಾಪಾರಿ. ಅವನೂ ಅರ್ಜಿ ಬರೆಸಿ ಹೋಗಿದ್ದ. ಆಮೇಲೆ ದಹಿಸರಿನಲ್ಲಿ ಅವನ ಹೆಸರಿಗೇ ಒಂದು ಫ್ಲ್ಯಾಟ್ ಇದೆ, ಹಾಗಾಗಿ ಚಾಳಿನ ಮನೆ ಸಿಗುವುದಿಲ್ಲ ಎಂದು ತಿಳಿದು ಅರ್ಜಿ ವಾಪಸ್ ಪಡೆದ. ಮೇಡಂ ತಮ್ಮ ಪಟ್ಟಿಯಲ್ಲಿ ಅವನ ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದು, “ಎಂಬತ್ತಾರು ಉಳದ್ವು ಕಾಕಾ” ಎಂದು ಫೋನು ಮಾಡಿದರು. ನಾನು ಹೂಂ ಎಂದೆ. ನನ್ನ ದೊಡ್ಡ ಕಡತದಿಂದ ಅವನ ಐದು ಪುಟಗಳನ್ನು ತೆಗೆಯಬೇಕಿತ್ತು. ಆ ಗಳಿಗೆಯಲ್ಲಿ ಬೇರೆ ಯಾರದೋ ಕೆಲಸ ಮುಂದಿತ್ತು. ಆಮೇಲೆ ತೆಗೆದರಾಯಿತು ಎಂದುಕೊಂಡೆ, ಮರೆತೆ.

ಪುಸ್ತಕ ಸಿದ್ಧವಾಗುವ ಹೊತ್ತಿಗೆ ಕಚೇರಿಯಿಂದ ಸೂಚನೆ ಬಂತು. ಕಾಗದದಲ್ಲಿ ಏನೂ ತೆಗೆದುಕೊಳ್ಳುವುದಿಲ್ಲ. ಪ್ರತಿ ಖೋಲಿಗೆ ಪ್ರತ್ಯೇಕ ಪಿ.ಡಿ.ಎಫ್. ಫೈಲು, ಅದಕ್ಕೆ ಖೋಲಿ ನಂಬರೇ ಹೆಸರು, ಇಷ್ಟೇ ಸೈಜಿನೊಳಗೆ ಇರಬೇಕು, ವೆಬ್‌ಸೈಟಿನಲ್ಲೇ ಏರಿಸಬೇಕು. ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಮೇಡಂ ನನಗೆ ಹೇಳಿದ್ದು ಬುಧವಾರ ಬೆಳಿಗ್ಗೆ.

ಮೊದಲು ಕೈಯಿಂದಲೇ ಹೊರಟೆ. ಇಷ್ಟನೆಯ ಪುಟದಿಂದ ಇಷ್ಟನೆಯ ಪುಟ ಎಂದು ನಮೂದಿಸಿ ಒಂದೊಂದಾಗಿ ಫೈಲು ತೆಗೆಯುವುದು. ಪ್ರತಿಯೊಂದನ್ನೂ ತೆರೆದು, ಹೆಸರು ಓದಿ, ಚೀಟಿಯಲ್ಲಿ ಗುರುತು ಹಾಕುವುದು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಫೈಲು ಆಯಿತು. ಸ್ಕ್ಯಾನಿನ ಚಿತ್ರಗಳ ಭಾರಕ್ಕೆ ಕಂಪ್ಯೂಟರ್ ಮೂರು ಸಲ ನಿಂತುಹೋಯಿತು. ಈ ಲೆಕ್ಕದಲ್ಲಿ ಶುಕ್ರವಾರಕ್ಕೆ ಮುಗಿಯುವುದಿಲ್ಲ ಅನ್ನಿಸಿತು. ಆ ಹನ್ನೊಂದೂ ಸರಿಯಾಗಿದ್ದವು. ನಿಧಾನವಾಗಿದ್ದವು, ಸರಿಯಾಗಿದ್ದವು.

ಆಮೇಲೆ ಒಮ್ಮೆಲೇ ತುಂಡು ಮಾಡುವ ದಾರಿ ಹುಡುಕಿದೆ. ಇಷ್ಟಿಷ್ಟು ಪುಟಕ್ಕೊಂದರಂತೆ ಕತ್ತರಿಸು ಎನ್ನಬಹುದಿತ್ತು, ಆದರೆ ಅರ್ಜಿಗಳು ಒಂದೇ ಉದ್ದದವಲ್ಲ. ಹೆಸರು ಹುಡುಕಿ ಕತ್ತರಿಸು ಎನ್ನೋಣವೆಂದರೆ ನನ್ನದು ಯೂನಿಕೋಡ್‌ಗಿಂತ ಮುಂಚಿನ ಫಾಂಟು. ನಮ್ಮ ಕಣ್ಣಿಗೆ ಮರಾಠಿ, ಕಂಪ್ಯೂಟರಿಗೆ ಇಂಗ್ಲಿಷಿನ ಚೂರುಪಾರು. ಯಾವ ಹೆಸರು ಕೊಟ್ಟರೂ ಇಲ್ಲ ಎನ್ನುತ್ತಿತ್ತು. ‘ಅರ್ಜಿದಾರ’ ಎಂಬ ಪದವನ್ನು ಅದರದೇ ಚೂರುಗಳಲ್ಲಿ ಹುಡುಕಿಸಿದರೆ ಒಂದೊಂದು ಅರ್ಜಿಯಲ್ಲಿ ನಾಲ್ಕು ಕಡೆ ಸಿಕ್ಕಿತು. ಬುಧವಾರ ಹಾಗೇ ಮುಗಿಯಿತು.

ಗುರುವಾರ ಚಹಾ ಕುಡಿಯುತ್ತಿರುವಾಗ ಶ್ರೀಯ ನೆನಪಾಯಿತು. ಅದಕ್ಕೆ ಬೇರೆ ಕೀಲಿ ಇರುವುದರಿಂದ ಕಂಪ್ಯೂಟರಿಗೂ ಅದು ಬೇರೆಯೇ ಚಿಹ್ನೆ. ಇಡೀ ಪುಸ್ತಕದಲ್ಲಿ ಅರ್ಜಿಯ ಮೊದಲ ಪುಟದ ನೆತ್ತಿಯ ಮೇಲಲ್ಲದೆ ಮತ್ತೆಲ್ಲೂ ಅದು ಇಲ್ಲ. ಆ ಚಿಹ್ನೆ ಹುಡುಕಿಸಿ, ಸಿಕ್ಕಲ್ಲೆಲ್ಲ ಗುರುತು ಹಾಕಿಸಿ, ಗುರುತಿನಿಂದ ಗುರುತಿಗೆ ಕತ್ತರಿಸು ಎಂದೆ. ಖೋಲಿ ನಂಬರುಗಳ ಪಟ್ಟಿಯಿಂದ ಮೂವತ್ತೆರಡನ್ನು ಅಳಿಸಿ, ಉಳಿದವನ್ನು ಕ್ರಮವಾಗಿ ಫೈಲುಗಳಿಗೆ ಹೆಸರಾಗಿ ಕೊಡು ಎಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಎಂಬತ್ತಾರು ಫೈಲು. ಪಟ್ಟಿಯಲ್ಲೂ ಎಂಬತ್ತಾರು. ಪುಟಗಳನ್ನು ಕೂಡಿಸಿದೆ, ನಾನೂರ ಅರವತ್ತೆರಡು. ಮೊದಲನೆಯದು ತೆರೆದೆ, ಸರಿ. ಕೊನೆಯದು ತೆರೆದೆ, ಸರಿ. ನಡುವೆ ಅಲ್ಲಲ್ಲಿ ಐದು ತೆರೆದೆ, ಐದೂ ಸರಿ. ನನ್ನ ಗುರುಗಳ ರೂಢಿಯೇ ನನ್ನನ್ನು ಕಾಯಿತು ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದೆ.

ಏನಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಚಾಚಿಯ ಅರ್ಜಿಗೆ ಶ್ರೀ ಇರಲಿಲ್ಲವಾದ್ದರಿಂದ ಅಲ್ಲಿ ಕತ್ತರಿ ಬೀಳಲಿಲ್ಲ. ಅದು ಹಿಂದಿನ ಮೂವತ್ತನೆಯ ಖೋಲಿಯ ಫೈಲಿಗೆ ಬಾಲದಂತೆ ಅಂಟಿಕೊಂಡಿತು. ಒಂದು ಫೈಲು ಕಡಿಮೆಯಾಗಬೇಕಿತ್ತು. ಆದರೆ ನಾನು ತೆಗೆಯಲು ಮರೆತಿದ್ದ, ಮೂವತ್ತೆರಡನೆಯ ಖೋಲಿಯ ದಹಿಸರಿನವನ ಅರ್ಜಿ ಒಂದು ಹೆಚ್ಚಿಗೆ ಇತ್ತು. ಮೂವತ್ತೊಂದು ಎಂಬ ಹೆಸರು ಅವನ ಅರ್ಜಿಗೆ ಹೋಗಿ ಕೂತಿತು. ಮೂವತ್ತಮೂರರಿಂದ ಮುಂದೆ ಎಲ್ಲ ಸರಿ. ಒಂದು ತಪ್ಪು ಇನ್ನೊಂದು ತಪ್ಪನ್ನು ತುಂಬಿಕೊಟ್ಟಿತು, ಎಣಿಕೆ ಹೊಂದಿತು.

ಗುರುವಾರ ಮಧ್ಯಾಹ್ನ ಪೆನ್ ಡ್ರೈವ್ ತೆಗೆದುಕೊಳ್ಳಲು ಮೇಡಂ ಬಂದರು. “ಕಾಕಾ, ಎಲ್ಲಾ ತಗದು ನೋಡೀರಿ ಹೌದಲ್ಲೋ? ಒಂದೊಂದೂ?”

“ಒಂದೊಂದೂ ನೋಡೀನ್ರಿ.”

ಶುಕ್ರವಾರ ಮಧ್ಯಾಹ್ನ ಅವರ ಫೋನು. “ಮೂವತ್ತು ಹೋಗವಲ್ದು ಕಾಕಾ. ಸೈಜ್ ಜಾಸ್ತಿ ಅಂತದ.” ಎರಡು ಮನೆಗಳ ಕಾಗದ ಒಂದರಲ್ಲಿ ಇದ್ದರೆ ಸೈಜು ಜಾಸ್ತಿಯಾಗದೆ ಏನಾಗುತ್ತದೆ? ಕಂಪ್ಯೂಟರೇ ಕೂಗಿ ಹೇಳುತ್ತಿತ್ತು. ನಾನು ಫೈಲನ್ನು ತೆರೆಯದೆ, ಹೊರಗಿನಿಂದಲೇ ಚಿತ್ರಗಳನ್ನು ಕುಗ್ಗಿಸುವ ಆಜ್ಞೆ ಕೊಟ್ಟು, ಸಣ್ಣದು ಮಾಡಿ ಕಳಿಸಿದೆ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ, “ಎಂಬತ್ತಾರೂ ಹೋದ್ವು. ಕಾಕಾ ಝಿಂದಾಬಾದ್” ಎಂದು ಮೇಡಂ ಸಂದೇಶ ಹಾಕಿದರು.

ಅಂತಿಮ ಪಟ್ಟಿ ಬಂದದ್ದು ಮಳೆಗಾಲ ಕಳೆದ ಮೇಲೆ. ಎಂಬತ್ತಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾತ್ರರು, ಅಂದರೆ ಹೊಸ ಮನೆಗೆ ಅರ್ಹರು. ಚಾಳಿನವರು ಪೇಢೆ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಅವರ ಹಿಂದೆಯೇ ಚಾಚಿ ಒಂದು ಕಾಗದ ಹಿಡಿದುಕೊಂಡು ಬಂದರು.

“ಅಣ್ಣಾರ, ಇದನ್ನ ಓದ್ರಿ. ಬಾಜೂಕಿನ ಮೂವತ್ತನೇ ಖೋಲಿಯಾಕಿ ಓದಿ ಮಾರಿ ಸಣ್ಣ ಮಾಡ್ಕೊಂಡ್ಳು. ಏನಂತ ಹೇಳವಲ್ಲಳು.”

ಓದಿದೆ. ಖೋಲಿ ಮೂವತ್ತೊಂದು. ಅರ್ಜಿ ಬೇರೆ ವ್ಯಕ್ತಿಯ ಹೆಸರಿನಲ್ಲಿದೆ, ಮೂಲ ನಿವಾಸಿಯ ಅರ್ಜಿ ಬಂದಿಲ್ಲ, ಖೋಲಿ ಹಸ್ತಾಂತರವಾಗಿರುವಂತೆ ಕಾಣುತ್ತದೆ. ಅಪಾತ್ರ.

“ಅಪಾತ್ರ ಅಂದ್ರ?”

“ಹಕ್ಕಿಲ್ಲ ಅಂತ ಬರದಾರ.”

“ನನ್ನ ಖೋಲಿ ಮ್ಯಾಲ ನನಗ ಹಕ್ಕಿಲ್ಲ? ಮತ್ತ ಯಾರಿಗದ?”

ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಮೂವತ್ತೊಂದನ್ನು ತೆರೆದೆ. ದಹಿಸರಿನವನ ಫೋಟೊ ನನ್ನನ್ನೇ ನೋಡುತ್ತಿತ್ತು. ಮೂವತ್ತನ್ನು ತೆರೆದು ಕೆಳಗೆ ಇಳಿಸುತ್ತ ಹೋದೆ. ಆರನೆಯ ಪುಟದ ನೆತ್ತಿಯ ಮೇಲೆ 786 ಇತ್ತು. ಎಲ್ಲವೂ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಚಾಚಿ ಪಕ್ಕದಲ್ಲೇ ಕೂತಿದ್ದರು, ಅದೇ ಪರದೆಯನ್ನು ನೋಡುತ್ತಿದ್ದರು. ಓದು ಬರುತ್ತಿದ್ದರೆ ಅವರಿಗೂ ಅರ್ಥವಾಗುತ್ತಿತ್ತು.

“ಏನಾತ್ರೀ ಅಣ್ಣಾರ?”

“ಕಚೇರಿ ಕಂಪ್ಯೂಟರ್‌ದಾಗ ಏನೋ ಅದಲುಬದಲಾಗೇದ್ರಿ ಚಾಚಿ. ಅಪೀಲ್ ಹಾಕೂಣು.”

ಪೇಢೆಯ ಪೊಟ್ಟಣ ಇನ್ನೂ ಮೇಜಿನ ಮೇಲಿತ್ತು. ಚಾಚಿ ಅದರಲ್ಲಿ ಒಂದು ತೆಗೆದುಕೊಂಡು, ಅರ್ಧ ಮುರಿದು ನನಗೆ ಕೊಟ್ಟರು.

ಅಪೀಲಿಗೆ ಹದಿನೈದು ದಿನ. ಒಂದೇ ಅಪೀಲು, ಅದರ ತೀರ್ಪೇ ಕೊನೆ ಎಂದು ಆ ಕಾಗದದಲ್ಲೇ ಬರೆದಿತ್ತು. ಮೇಡಂಗೆ ಆಗ ಊರಿನಲ್ಲಿ ತಾಯಿಯ ಆಪರೇಷನ್. ಧಾರವಾಡದಿಂದಲೇ ಫೋನು ಮಾಡಿದರು.

“ಕಾಕಾ, ನೇರ ಹೇಳ್ರಿ. ನಮ್ಮ ಕಡಿಂದ ಹೋದ ಫೈಲ್ ಸರಿ ಇತ್ತಲ್ಲ?”

“ಸರಿ ಇತ್ರಿ.”

“ಹಂಗಾರ ಹಂಗ ಬರೀರಿ. ಚಾಚಿ ಹೆಬ್ಬಟ್ಟ ಒತ್ತಿಸಿ ಸಲ್ಲಿಸ್ರಿ, ವಿಚಾರಣೆಗೆ ನಾ ಬರ್ತೀನಿ.”

ಅರ್ಜಿದಾರರು ಸಲ್ಲಿಸಿದ ಫೈಲು ಸರಿಯಿತ್ತು, ಕಚೇರಿಯ ಗಣಕಯಂತ್ರದಲ್ಲಿ ಬದಲಾಗಿದೆ ಎಂದು ಒಂದೂವರೆ ಪುಟ ಜೋಡಿಸಿದೆ. ಅಂದು ನಾನು ಬರೆಯಬೇಕಾಗಿದ್ದದ್ದು ಎರಡು ಸಾಲು: ಜೋಡಣೆ ಮಾಡಿದವನ ಕೈತಪ್ಪಿನಿಂದ ಎರಡು ಅರ್ಜಿಗಳು ಒಂದೇ ಫೈಲಿನಲ್ಲಿ ಸೇರಿವೆ, ಮೂವತ್ತನೆಯ ಖೋಲಿಯ ಫೈಲಿನ ಆರನೆಯ ಪುಟ ನೋಡಬೇಕು. ಅಷ್ಟು ಬರೆದಿದ್ದರೆ ಕೆಲಸವಾಗುತ್ತಿತ್ತು. ಅದು ನನಗೆ ಆ ದಿನವೇ ಗೊತ್ತಿತ್ತು. ಬರೆದರೆ ಎಂಬತ್ತಾರು ಮನೆಯವರಿಗೂ ಅಜ್ಜನ ತಪ್ಪು ಗೊತ್ತಾಗುತ್ತದೆ, ಎಪ್ಪತ್ತರ ವಯಸ್ಸಿನಲ್ಲಿ ಯಾರು ನನ್ನ ಮೇಜಿಗೆ ಬರುತ್ತಾರೆ ಎಂದು ಹೆದರಿದೆ. ಕಚೇರಿಯವರು ಯಾವ ಫೈಲನ್ನೂ ಮತ್ತೆ ತೆಗೆದು ನೋಡುವುದಿಲ್ಲ, ಹೆಂಗಸನ್ನು ಕಂಡು ಮರುಗಿ ಪಾಸು ಮಾಡುತ್ತಾರೆ ಎಂದೂ ಲೆಕ್ಕ ಹಾಕಿದ್ದೆ.

ವಿಚಾರಣೆಗೆ ಚಾಚಿ, ಮೇಡಂ, ನಾನು ಮೂವರೂ ಹೋದೆವು. ಮೇಡಂ ಹಿಂದಿನ ದಿನವಷ್ಟೇ ಊರಿಂದ ಬಂದಿದ್ದರು. ಅಧಿಕಾರಿ ನಿಧಾನದ ಮನುಷ್ಯ. ಅಪೀಲು ಓದಿ, ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಏರಿಸಿದ ದಿನ, ಗಂಟೆ, ಮೇಡಂ ಅವರ ಲಾಗಿನ್, ಎಲ್ಲ ಅಲ್ಲಿತ್ತು. ಆಮೇಲೆ ಮೇಡಂಗೆ ತಮ್ಮ ಲ್ಯಾಪ್‌ಟಾಪಿನಲ್ಲಿರುವ ಅದೇ ಫೈಲನ್ನು ತೆರೆಯಲು ಹೇಳಿದ. ಮೇಡಂ ತೆರೆದರು. ಎರಡೂ ಪರದೆಗಳ ಮೇಲೆ ದಹಿಸರಿನವನ ಫೋಟೊ.

“ಹೇ ಟೈಪಿಂಗ್ ಕೋಣೀ ಕೇಲಂ?” ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದ. ಯಾರು ಮಾಡಿದ್ದು ಎಂದು.

ಮೇಡಂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಫೈಲು ಮೂವತ್ತು, ಪುಟ ಆರು ಎಂದು ಬಾಯಿ ಬಿಟ್ಟಿದ್ದರೆ ಆಗಲೂ ಕಾಲ ಮೀರಿರಲಿಲ್ಲ. ಆ ಕೋಣೆಯ ನೆಲದ ಫರಸಿಯ ಒಂದು ಮೂಲೆ ಒಡೆದಿತ್ತು. ಅದನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತು ಕಾದು ಅಧಿಕಾರಿ ಬರೆಯತೊಡಗಿದ. ಕಚೇರಿಯ ಮೇಲೆ ಹೊರಿಸಿದ ಆರೋಪ ಸುಳ್ಳು, ಖೋಲಿಯ ಹಸ್ತಾಂತರ ಖಚಿತ, ಅಪೀಲು ತಿರಸ್ಕೃತ.

ಚಾಚಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ: “ನನ್ನ ಜಾಗಾದಾಗ ಅವನ ಫೋಟೊ ಹೆಂಗ ಬಂತ್ರೀ?” ನಾನು ಮುಂದೆ ಮುಂದೆ ನಡೆದೆ. ಮೇಡಂಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಅವರ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಶ್ರೀ ತೆಗೆದದ್ದು, ಐದು ಪುಟ ಮರೆತದ್ದು, ನೋಡದೆ ನೋಡಿದೆ ಎಂದದ್ದು, ಗೊತ್ತಾದ ಮೇಲೂ ಸುಳ್ಳು ಜೋಡಿಸಿದ್ದು. ಅವರು ಕೂಗಾಡಲಿಲ್ಲ.

“ತಪ್ಪು ಯಾರಿಗಾಗೂದಿಲ್ಲ ಕಾಕಾ? ಫೈಲ್ ತಪ್ಪಿದ್ದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಹದಿನೈದ ದಿನ. ನಿನ್ನೆ ಅಲ್ಲಿ ಆ ಮನಷ್ಯಾ ಪೆನ್ ಹಿಡಕೊಂಡು ಕಾದಾ. ನಿಮ್ಮ ಬಾಯಾಗ ಏನಿತ್ರಿ ಆವಾಗ?”

ಅವರು ನನ್ನಿಂದ ಅಫಿಡವಿಟ್ ಮಾಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿದರು. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಅವರೇ ಹೇಳಿದರು. ಒಂದು ಎಳೆ ಮಾತ್ರ ಉಳಿದಿತ್ತು. ಮೂವತ್ತನೆಯ ಖೋಲಿಯವರು ‘ನಮ್ಮ ಫೈಲಿನಲ್ಲಿ ಚಾಚಿಯ ಕಾಗದ ಸೇರಿದೆ, ಚಾಚಿ ನಮ್ಮ ಪಕ್ಕದಲ್ಲೇ ವಾಸವಿದ್ದರು’ ಎಂದು ಬರೆದುಕೊಟ್ಟರೆ ಯಾರಾದರೂ ಮತ್ತೊಮ್ಮೆ ಕಡತ ತೆಗೆದಾರು. ಅಷ್ಟರಲ್ಲಿ ಚಾಳು ಖಾಲಿಯಾಗತೊಡಗಿತು. ಪಾತ್ರರಿಗೆ ಹೊಸ ಬಿಲ್ಡಿಂಗ್ ಆಗುವವರೆಗೆ ಬಾಡಿಗೆಯ ಹಣ ಸಿಕ್ಕಿತು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮನೆ ಹಿಡಿದು ಹೋದರು. ಚಾಚಿಗೆ ಅದೂ ಇಲ್ಲ. ಹೊಲಿಗೆ ಮಷೀನು ಹೊತ್ತುಕೊಂಡು ಗೋವಂಡಿಯಲ್ಲಿ ತಂಗಿಯ ಮನೆಗೆ ಹೋದರು.

ಅಲ್ಲಿಗೆ ಹೋಗಲು ನನಗೆ ಮತ್ತೂ ಮೂರು ವಾರ ಬೇಕಾಯಿತು. ತಂಗಿಯ ಮನೆಯ ಮಾಳಿಗೆಯ ಮೇಲೆ, ಬಗ್ಗಿ ನಡೆಯಬೇಕಾದಷ್ಟು ತಗ್ಗಾದ ಜಾಗದಲ್ಲಿ ಮಷೀನು ಇಟ್ಟುಕೊಂಡಿದ್ದರು. ನಾನು ಅಫಿಡವಿಟ್ ತೆಗೆದು ಓದಿದೆ. ಮರಾಠಿಯಲ್ಲಿದ್ದದ್ದನ್ನು ಕನ್ನಡದಲ್ಲೂ ಹೇಳಿದೆ. ಹೊಲಿಯುತ್ತಲೇ ಕೇಳಿದರು. ಮುಗಿದ ಮೇಲೆ ಮಷೀನು ನಿಲ್ಲಿಸಿದರು.

“ಅವತ್ತ ಕಂಪ್ಯೂಟರ್‌ದಾಗ ನೋಡಿದಾಗ ನಿಮಗ ಗೊತ್ತಾತು?”

“ಗೊತ್ತಾತ್ರಿ.”

“ನಾ ಬಾಜೂಕ ಕುಂತಿದ್ದೆ.”

“ಹೌದ್ರಿ.”

ನಾನು ಅಫಿಡವಿಟ್ ಕೆಳಗಿಟ್ಟು, “ನನಗ ಮಾಫ್ ಮಾಡ್ರಿ ಚಾಚಿ” ಎಂದು ಕೈಮುಗಿದೆ.

“ನಕ್ಕೋ, ಬ್ಯಾಡ ಅಣ್ಣಾರ. ಮಾಫಿ ಗೀಫಿ ಆಮ್ಯಾಲ ನೋಡೂಣು. ಮೊದ್ಲ ನನ್ನ ಮಾತ ಕೇಳ್ರಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. “ಖೋಲಿ ಹೋತು. ಅದು ನಿಮ್ಮ ಕೈಯಾಗೂ ಇಲ್ಲ, ವಕೀಲ್ ಬಾಯಿ ಕೈಯಾಗೂ ಇಲ್ಲ. ಆದ್ರ ಚಾಳಿನ ಮಂದಿ ಏನಂತಾರ ಗೊತ್ತದೇನು? ನಾ ಆ ದಹಿಸರ್‌ದವಗ ಖೋಲಿ ಚುಪ್ಕೇ ಮಾರಿ, ರೊಕ್ಕಾ ಗಂಟ ಕಟ್ಟಿ, ಈಗ ಅಳೂ ನಾಟಕ ಮಾಡ್ತೀನಂತ. ಮೂವತ್ತ ವರ್ಷ ಅವರ ಕೂಡ ಒಂದ ನಳದಾಗ ನೀರ ಹಿಡದೀನಿ. ರಮಝಾನ್‌ದಾಗ ಅವರು ನನ್ನ ಮನ್ಯಾಗ ಉಂಡಾರ. ಮೂವತ್ತರಾಕಿ ಹಂಗ ಅಂದ್ಳಂತ. ನೀವು ಈ ಕಾಗದ ತಗೊಂಡು ಹೋಗ್ರಿ. ಎಲ್ಲಾರ ಮುಂದ ಓದ್ರಿ. ನಾ ಮಾರಿಲ್ಲಂತ ಹೇಳ್ರಿ. ಅಷ್ಟ ಮಾಡ್ರಿ.”

ಎಲ್ಲರ ಮುಂದೆ ಓದಲು ‘ಎಲ್ಲರೂ’ ಒಂದು ಕಡೆ ಇರಲಿಲ್ಲ. ಚಾಳಿನ ಜಾಗದಲ್ಲಿ ತಗಡಿನ ಬೇಲಿ ನಿಂತಿತ್ತು. ಮೇಡಂ ಹತ್ತಿರ ವಿಳಾಸಗಳನ್ನು ಪಡೆದು ಒಬ್ಬೊಬ್ಬರ ಮನೆಗೆ ಹೋಗತೊಡಗಿದೆ. ಕುರ್ಲಾ, ಚೆಂಬೂರ್, ಐರೋಲಿ, ಕಲ್ವಾ. ಟೈಪಿಂಗಿನ ಕೆಲಸ ಬಿಟ್ಟಾಗಿತ್ತು, ಸಮಯವಿತ್ತು. ಕೂರಿಸಿ ನೀರು ಕೊಡುತ್ತಿದ್ದರು. ನಾನು ಓದುತ್ತಿದ್ದೆ. ಕೆಲವರು ಅಯ್ಯೋ ಎಂದರು. ಒಬ್ಬ, “ಅಜ್ಜಾ, ನಮ್ಮ ಫೈಲ್ ಸರಿ ಅದಲ್ಲ? ಅಷ್ಟ ಹೇಳು” ಎಂದು ಓದುವುದರ ನಡುವೆಯೇ ಕೇಳಿದ. ಇನ್ನೊಬ್ಬಾಕೆ, “ಈ ವಯಸ್ನಾಗ ಆಕಿ ಸಲುವಾಗಿ ಇಷ್ಟ ಅಡ್ಯಾಡ್ತೀರಿ, ಏನ್ ಕೊಟ್ಟಾಳ?” ಎಂದು ನಕ್ಕಳು. ನಂಬಿದವರೂ ಇದ್ದರು. ಆದರೆ ನಂಬಿದವರು ತಮ್ಮ ಮನೆಯಲ್ಲಿ ನಂಬಿ ಸುಮ್ಮನಾದರು. ಒಬ್ಬರಿಂದೊಬ್ಬರಿಗೆ ಆ ಮಾತನ್ನು ಸಾಗಿಸಲು ಈಗ ಚಾಳೇ ಇರಲಿಲ್ಲ. ಇದುವರೆಗೆ ಐವತ್ತನಾಲ್ಕು ಮನೆಗೆ ಹೋಗಿದ್ದೇನೆ.

ಮೂವತ್ತನೆಯ ಖೋಲಿಯ ಹೆಣ್ಣುಮಗಳ ಮನೆಗೆ ಹೋಗುವುದನ್ನು ಮುಂದೂಡುತ್ತ ಬಂದಿದ್ದೆ. ಕಳೆದ ತಿಂಗಳು ಮಾನಖುರ್ದಿಗೆ ಹೋದೆ. ಗಂಡ ಡ್ಯೂಟಿಗೆ ಹೋಗಿದ್ದ. ಆಕೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಳು. ಓದಿದೆ. ಮೂವತ್ತನೆಯ ಫೈಲಿನ ಆರನೆಯ ಪುಟದ ಪ್ರತಿಯನ್ನೂ ತೋರಿಸಿದೆ. ಆಕೆ ಓದು ಬಲ್ಲವಳು. ಎರಡು ಸಲ ಓದಿದಳು. ಸೊಪ್ಪಿನ ಮೇಲಿನ ಕೈ ನಿಂತಿತು.

“ಅಯ್ಯ, ಇದು ಚಾಚಿ ಫೋಟೊನ. ಈ ಹೆಬ್ಬಟ್ಟೂ ಅಕಿದ” ಎಂದಳು. “ಅಕಿ ಮಾರಿಲ್ಲ ಹಂಗಾದ್ರ.”

“ಮಾರಿಲ್ಲವ್ವಾ.”

ಆಗ ನಾನು ಮೇಡಂ ಹೇಳಿದ ಎರಡು ಸಾಲಿನ ಹೇಳಿಕೆಯನ್ನು ಮುಂದಿಟ್ಟೆ. ಸಹಿ ಮಾಡಿದರೆ ಸಾಕು, ಒಂದು ದಾರಿ ಆಗಬಹುದು ಎಂದೆ. ಆಕೆ ಅದನ್ನು ಓದಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

“ಕಾಕಾರ, ನಮ್ಮ ಫೈಲ್‌ನಾಗ ಬ್ಯಾರೇದವರ ಕಾಗದ ಅದ ಅಂತ ನಾವ ಬರ್ಕೊಟ್ರ ನಮ್ಮ ಫೈಲ್ ಮತ್ತ ತಗೀತಾರ ಹೌದಲ್ಲ?”

“ತಗೀಬಹುದು.”

“ತಗದ್ರ ನಮ್ಮದೂ ಅಪಾತ್ರ ಅಂದ್ರ? ನಮ್ಮ ರೇಷನ್ ಕಾರ್ಡಿನ್ಯಾಗ ಮೊದ್ಲ ಹೆಸರಿಂದು ತಕರಾರದ, ನಿಮಗ ಗೊತ್ತದ. ಹೆಂಗೋ ದಾಟಿ ಬಂದದ. ಮೂರು ಹೆಣ್ಮಕ್ಕಳ್ರಿ ನನಗ.” ಕಾಗದಗಳನ್ನೆಲ್ಲ ಮಡಿಚಿ ನನ್ನ ಕೈಗೇ ಕೊಟ್ಟಳು. “ನೀವು ಬಂದಿಲ್ಲ, ನಾ ಓದಿಲ್ಲ. ಯಾರರ ಕೇಳಿದ್ರ ಅಕಿ ಮಾರ್ಯಾಳ ಅಂತನ ಅಂತೀನಿ. ಹಂಗ ಇರೂದ ಎಲ್ಲಾರಿಗೂ ಚೊಲೊ. ಚಹಾ ಕುಡದು ಹೋಗ್ರಿ.”

ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡೆ. ಅಪೀಲಿನ ಆ ಹದಿನೈದು ದಿನ ನನ್ನೊಳಗೆ ಇದ್ದ ಹೆದರಿಕೆಯೇ ಅವಳ ಮುಖದಲ್ಲಿತ್ತು. ಅವಳಿಗಾದರೂ ಮೂರು ಹೆಣ್ಣುಮಕ್ಕಳಿದ್ದರು. ನನಗೆ ಕಾಪಾಡಿಕೊಳ್ಳಲು ಇದ್ದದ್ದು ಒಂದು ಹೆಸರು ಮಾತ್ರ.

ಸ್ಟೇಷನ್ನಿಗೆ ಬರುವಷ್ಟರಲ್ಲಿ ಚಾಚಿಯ ಫೋನು ಬಂತು. ನಾನು ಎಲ್ಲಿ ಹೋಗುತ್ತೇನೆಂದು ಅವರಿಗೆ ಪ್ರತಿ ಸಲ ಹೇಳಿ ಹೋಗುತ್ತಿದ್ದೆ.

“ಓದಿದ್ರಿ? ಏನಂದ್ಳು?”

ಸುಳ್ಳು ಹೇಳಬಹುದಿತ್ತು. ಮನೆ ಬೀಗ ಹಾಕಿತ್ತು ಎನ್ನಬಹುದಿತ್ತು. ಅವಳು ಅಂದದ್ದನ್ನು ಅಂದಹಾಗೆಯೇ ಹೇಳಿದೆ.

ಆ ಕಡೆ ತಂಗಿಯ ಮನೆಯ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಹಂಗಾದ್ರ ಅಕಿಗೆ ಈಗ ಗೊತ್ತದ.”

“ಗೊತ್ತದ್ರಿ ಚಾಚಿ.”

“ಇಷ್ಟ ದಿನ ಗೊತ್ತಿಲ್ದ ‘ಮಾರ್ಯಾಳ’ ಅಂತಿದ್ಳು. ಅದನ್ನ ನಾ ಹೆಂಗೋ ಹೊಟ್ಟ್ಯಾಗ ಹಾಕ್ಕೊಂಡಿದ್ದೆ, ಅಣ್ಣಾರ.”

ಫೋನು ಇಟ್ಟರು. ಆಮೇಲೆ ನಾನು ಎರಡು ಸಲ ಮಾಡಿದೆ. ಎತ್ತಲಿಲ್ಲ.